ಉಗುರುಬೆಚ್ಚಗಿನ ನೀರು

ಮೊದಲೇ ಹೇಳಿಬಿಡುತ್ತೇನೆ, ತ್ಸಿಯಾಲಾ,
ಇದರ ಮೇಲೆ ಹತ್ತಿ ಕೂರಬೇಡ.
ಹೆಚ್ಚಿದ ನಿಂಬೆಯನ್ನು ಬೋರಲು ಹಾಕಬೇಡ.
ಕೆಂಪು ವೈನು ಚೆಲ್ಲಿದರೆ ಮಾತು ಅರ್ಧಕ್ಕೇ ಬಿಟ್ಟು
ಒರೆಸು. ಮಾತು ಕಾಯುತ್ತದೆ, ಕಲೆ ಕಾಯುವುದಿಲ್ಲ.
ಚೆಂಡುಹೂವಿನ ಹಳದಿ ಪುಡಿಯಂತೂ
ಇತ್ತ ಸುಳಿಯಲೇ ಕೂಡದು.

ನಗು, ನಗು.
ಕುತೈಸಿಯ ಈ ನಾಲ್ಕನೇ ಮಹಡಿಗೆ,
ಲಿಫ್ಟು ಕೆಟ್ಟು ಯಾವ ಕಾಲವಾಯಿತೋ,
ಆರು ಜನ ಹೆಗಲು ಕೊಟ್ಟು ಹತ್ತಿಸಿದ ಕಲ್ಲು ಇದು.
ಹೆಣ ಇಳಿಸುವಾಗಲೂ ಇಷ್ಟು ಜೋಪಾನವಿಲ್ಲ
ಅಂದ ಗೂರಮ್, ಮೆಟ್ಟಿಲ ತಿರುವಿನಲ್ಲಿ, ಬೈಗುಳ ಸೇರಿಸಿ.
ಮೂಲೆ ಗೋಡೆಗೆ ತಾಗಿದ ಸದ್ದಿಗೆ
ನನ್ನ ಜೀವ ಬಾಯಿಗೆ ಬಂದಿತ್ತು.

ಬಿಳಿ ಕ್ವಾರ್ಟ್ಜ್, ಒಳಗೆಲ್ಲೋ ಬೂದುಬಣ್ಣದ ಎಳೆ.
ಇಟಲಿಯಲ್ಲಿ, ಬಾರಿ ಪಟ್ಟಣದ ಆ ಮನೆಯಲ್ಲಿ,
ಇಂಥದೇ ಒಂದನ್ನು ಒಂಬತ್ತು ವರ್ಷ ಒರೆಸಿದೆ.
ಅದರ ಒಡತಿಯನ್ನೂ.

ಮಗಳು ಕಪಾಟಿನ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದಳು:
ಉಗುರುಬೆಚ್ಚಗಿನ ನೀರು. ಸೌಮ್ಯ ಸೋಪು. ಮೆತ್ತನೆ ಬಟ್ಟೆ.
ಉಜ್ಜಬೇಡ. ಬ್ಲೀಚು ಬೇಡ.
ತೇವ ಉಳಿಯಬಾರದು.
ನನಗಾಗ ಅವರ ಭಾಷೆ ಅಷ್ಟಕ್ಕಷ್ಟೇ;
ಪದ ಗೊತ್ತಾಯಿತು, ಯಾರ ಕುರಿತು ಎಂದಾಗಲಿಲ್ಲ.
ಕಲ್ಲಿಗೋ, ಅಮ್ಮನಿಗೋ?
ಮೊದಲ ವಾರ ಸಿನ್ಯೋರಾ ಅದ್ದೊಲೊರಾತಾಳನ್ನು
ಅಕ್ಷರ ತಪ್ಪದೆ ಹಾಗೆಯೇ ಮೀಯಿಸಿದೆ.
ಈರುಳ್ಳಿಯ ಒಳಪೊರೆಯಂಥ ಬೆನ್ನು,
ಮಡಿಕೆ ಮಡಿಕೆ ಬಿಡಿಸಿ, ಒತ್ತಿ ಒತ್ತಿ, ಉಜ್ಜದೆ.
ತಪ್ಪೇನೂ ಆಗಲಿಲ್ಲ.
ಆಮೇಲೂ ಚೀಟಿಯ ಅರ್ಥ ನಾನು ಕೇಳಲಿಲ್ಲ.

ಆಗಸ್ಟಿನಲ್ಲಿ ಅವಳು ಬರಿಗಾಲಲ್ಲಿ ಅಡುಗೆಮನೆಗೆ ಬಂದು
ಕಲ್ಲಿನ ಮೇಲೆ ಕೆನ್ನೆ ಇಟ್ಟುಬಿಡುತ್ತಿದ್ದಳು.
ನನ್ನ ಹೆಸರು ಮರೆತಿದ್ದಳು, ತನ್ನದೂ.
ತಂಪು ಎಂಬ ಒಂದು ಮಾತು ಉಳಿದಿತ್ತು.
ನಾನು ಕೆನ್ನೆಯ ಸುತ್ತ ಒರೆಸುತ್ತಿದ್ದೆ.
ಉಸಿರು ಬಿದ್ದಲ್ಲಿ ಒಂದು ಮಂಜಿನ ವೃತ್ತ;
ಅದನ್ನು ಮಾತ್ರ ಬಟ್ಟೆಗೆ ಕೊಡಲಿಲ್ಲ,
ತಾನಾಗಿ ಆರಲಿ ಎಂದು ನಿಲ್ಲುತ್ತಿದ್ದೆ.

ಊರಿಗೆ ಬಂದ ಹಣದಲ್ಲಿ ಹಲ್ಲು ಕಟ್ಟಿಸಿಕೊ
ಅಂದರು ಎಲ್ಲರೂ. ಕಲ್ಲು ತರಿಸಿದೆ.
ಪಾತ್ರೆ ಪಾತ್ರೆಗೂ ಉಣ್ಣೆಯ ಮೆತ್ತೆ ಹೊಲಿದೆ.
ಚಾಕು ಹಿಡಿದವರ ಹಿಂದೆ ಹಲಗೆ ಹಿಡಿದು ಓಡಿದೆ.

ಮತ್ತೆ ನಾನೇ.
ಬೇರೆ ಯಾರೂ ಅಲ್ಲ, ನಾನೇ.
ಒಲೆಯಿಂದ ಮಣ್ಣಿನ ಕೇತ್ಸಿ ತೆಗೆದಿದ್ದೆ,
ಅದರಲ್ಲಿ ಮೆಕ್ಕೆಜೋಳದ ರೊಟ್ಟಿ ಇನ್ನೂ ಚುರುಗುಟ್ಟುತ್ತಿತ್ತು.
ಫೋನು. ಬಾರಿಯಿಂದ ಮಗಳು.
ಅಮ್ಮನ ನೀಲಿ ಶಾಲು ಎಲ್ಲಿಟ್ಟಿದ್ದೆ, ಝುಝುನಾ,
ಅದನ್ನೇ ಹೊದಿಸಬೇಕು ಅಂತಿದೀವಿ.
ಮೂರನೇ ಡ್ರಾಯರು, ಚಳಿಗಾಲದ ಪರದೆಗಳ ಕೆಳಗೆ, ಅಂದೆ.
ಅಂದು ಮುಗಿಸಿ ನೋಡಿದರೆ
ಕೈ ಖಾಲಿ.
ಕೇತ್ಸಿ ಕಲ್ಲಿನ ಮೇಲೆ.

ತೆಳು ಚಹಾದ ಬಣ್ಣ, ಬೋಗುಣಿಯಷ್ಟು ಅಗಲ.
ಸೋಡಾ ಹಾಕಿ ಉಜ್ಜಿದೆ. ಹೌದು, ಉಜ್ಜಿದೆ,
ಒಂಬತ್ತು ವರ್ಷದ ಚೀಟಿ ಮರೆತು, ರಾತ್ರಿ ಎರಡರವರೆಗೆ.
ಕಲ್ಲಿನ ಕೆಲಸದ ಔತಂದಿಲ್ ಬಂದ,
ಉಗುರಿನಿಂದ ಕೆರೆದು ನೋಡಿ ತಲೆ ಆಡಿಸಿದ.
ಇದು ಇಡೀ ಕಲ್ಲಲ್ಲ ಅಕ್ಕಾ,
ಕಲ್ಲಿನ ಪುಡಿಗೆ ಅಂಟು ಬೆರೆಸಿ ಒತ್ತಿದ್ದು.
ಕಲ್ಲಿಗೆ ಏನೂ ಆಗಿಲ್ಲ.
ಸುಟ್ಟಿರುವುದು ಅಂಟು.
ಅದು ಹೋಗುವಂಥದ್ದಲ್ಲ.
ಹಣ ಬೇಡ ಅಂದ. ರೊಟ್ಟಿ ತಿಂದು ಹೋದ.

ಕಾಫಿ ಇಡುತ್ತೇನೆ, ಕೂರು. ಕುರ್ಚಿಯ ಮೇಲೆ.
ಲೋಟದ ಕೆಳಗೆ ಮೆತ್ತೆ ಇರಲಿ, ನಿಯಮ ನಿಯಮವೇ.
ಆ ಗುರುತಿನ ಮೇಲೆ ಮಾತ್ರ
ಹೂದಾನಿ ಇಡು, ಮುಚ್ಚು ಎಂದೆಲ್ಲ ಹೇಳಬೇಡ.
ಇನ್ನು ಬೇಸಿಗೆಯಲ್ಲಿ ಬರುವುದಾದರೆ
ಮೂರು ಗಂಟೆ ಕಳೆದ ಮೇಲೆ ಬಾ.
ಅದಕ್ಕೆ ಮುಂಚೆ
ಆ ಜಾಗ ನನ್ನ ಕೆನ್ನೆಗೆ ಬೇಕು.